ಹುಳುಮನೆಯೊಳಗಿನ ಹಾಡು

ಚಳಿಗಾಲದಲ್ಲಿ ನಾನು ಕಿಟಕಿ ಮುಚ್ಚಿ ಮಲಗುವವಳಲ್ಲ. ಮನೆಯವರೆಲ್ಲ ಇದನ್ನು ಮುದುಕಿಯ ಹಟ ಎಂದು ಒಪ್ಪಿಕೊಂಡುಬಿಟ್ಟಿದ್ದಾರೆ. ಮಲಗುವ ಮುಂಚೆ ಮಗಳು ರೂತ್ ಬಂದು ಕಿಟಕಿ ಎಳೆದು ಚಿಲಕ ಹಾಕುತ್ತಾಳೆ. ಅವಳು ಅತ್ತ ಹೋದ ಮೇಲೆ ನಾನು ಎದ್ದು ತೆಗೆಯುತ್ತೇನೆ. ಬೆಳಗ್ಗೆ ಇಬ್ಬರೂ ಆ ಮಾತೆತ್ತುವುದಿಲ್ಲ.

ಹೋದ ವಾರ ಮಳೆ ಹನಿಯುತ್ತಿತ್ತು. ನಮ್ಮ ಬೀದಿಯ ಇಸ್ತ್ರಿಯವನು ಇದ್ದಿಲು ಹೊತ್ತಿಸಿಕೊಂಡು ಬಂದು ನಮ್ಮ ಮೆಟ್ಟಿಲ ಕೆಳಗೆ ನಿಂತಿದ್ದ. ಆಗತಾನೆ ಹೊತ್ತಿಕೊಳ್ಳುತ್ತಿರುವ ಇದ್ದಿಲಿಗೆ ಒಂದು ವಾಸನೆ ಇದೆ. ಒದ್ದೆ ಕಲ್ಲಿನ ಹಾಗೆ, ತುಸು ಸಿಹಿ. ಅದು ಮೆಟ್ಟಿಲೇರಿ ನಡುಮನೆಗೆ ಬಂತು. ನಾನು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು ಎದ್ದೆ. ಮುಂಬಾಗಿಲು, ಕಿಟಕಿಗಳು, ಹಿತ್ತಿಲ ಬಾಗಿಲು ಎಲ್ಲವನ್ನೂ ತೆಗೆದೆ. ಮೊಮ್ಮಗಳು ಮಲಗಿದ್ದ ಕೋಣೆಗೆ ಹೋಗಿ ಅವಳ ಕೆನ್ನೆ ನೋಡಿದೆ. ಕೆಂಪಗಿರಲಿಲ್ಲ, ಎಂದಿನ ಗೋಧಿ ಬಣ್ಣ. ಆಮೇಲೆ ನನಗೆ ಉಸಿರು ಬಂತು.

"ಏನಾಯ್ತಮ್ಮಾ?" ಎಂದಳು ರೂತ್.

"ಏನಿಲ್ಲ. ಇದ್ದಿಲು."

ಅವಳಿಗೆ ನೆನಪಿಲ್ಲ. ಇರುವುದು ಸಾಧ್ಯವೂ ಇಲ್ಲ. ಆಗ ಅವಳಿಗಿನ್ನೂ ಎರಡು ತುಂಬಿರಲಿಲ್ಲ. ಆ ಚಳಿಗಾಲದ ನೆನಪು ಪೂರ್ತಿ ನನ್ನೊಬ್ಬಳ ಪಾಲಿಗೆ ಬಂದಿದೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನನ್ನ ಗಂಡ ಸಿಡುಬಿನ ದಾಕು ಹಾಕುವ ಸರ್ಕಾರಿ ಕೆಲಸದಲ್ಲಿದ್ದರು. ಅವರನ್ನು ಬೆಂಗಳೂರಿನಿಂದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣಕ್ಕೆ ಹಾಕಿದರು. ಹೆಸರಿಗೆ ಪಟ್ಟಣ, ನೋಡಿದರೆ ಹಳ್ಳಿ. ದೇವನಹಳ್ಳಿಯವರೆಗೆ ಚಿಕ್ಕ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿದೆವು. ಪೆಟ್ರೋಲ್ ಸಿಗದ ದಿನಗಳು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಇದ್ದಿಲ ಒಲೆಯನ್ನು ಕಟ್ಟಿದ್ದರು. ಅದರ ಅನಿಲದಿಂದ ಬಸ್ಸು ಓಡುತ್ತಿತ್ತು. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು.

ಮದುವೆಗೆ ಮುಂಚೆ ನಾನು ಬಿ.ಎಸ್ಸಿ. ಮುಗಿಸಿದ್ದೆ. "ನೋಡು, ನಿನ್ನ ಕೆಮಿಸ್ಟ್ರಿ ಬಸ್ಸಿನ ಬೆನ್ನ ಮೇಲೆ ಕೂತಿದೆ" ಎಂದು ಗಂಡ ನಕ್ಕರು. ನಾನು ಮಗುವನ್ನು ತೊಡೆ ಬದಲಿಸಿಕೊಂಡು ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದೆ: ಇದ್ದಿಲು ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಹುಟ್ಟುವ ಅನಿಲ ಅದು. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಸೇರಿದರೆ ಉಸಿರಿಗೆ ಜಾಗ ಬಿಡುವುದಿಲ್ಲ. ಅವರು "ಪರವಾಗಿಲ್ಲ, ಮರೆತಿಲ್ಲ" ಎಂದು ಕೆಳಗಿಳಿದು ಬಸ್ಸು ತಳ್ಳಿದರು.

ಊರಿನಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಗಂಡ ಸೈಕಲ್ಲಿಗೆ ದಾಕಿನ ಪೆಟ್ಟಿಗೆ ಕಟ್ಟಿಕೊಂಡು ಹೊರಟರೆ ವಾರವಾದರೂ ಬರುತ್ತಿರಲಿಲ್ಲ. ಅವರು ಬರುತ್ತಾರೆಂದು ತಿಳಿದರೆ ಹೆಂಗಸರು ಮಕ್ಕಳನ್ನು ರಾಗಿ ಬಣವೆಯ ಹಿಂದೆ ಬಚ್ಚಿಡುತ್ತಿದ್ದರು. ಆ ಭಯದ ಒಂದು ತುಣುಕು ನನ್ನ ಮೇಲೂ ಬಿದ್ದಿತ್ತು. ನಾನು ಬಾವಿಗೆ ಹೋದರೆ ಮಾತು ನಿಲ್ಲುತ್ತಿತ್ತು. "ದಾಕಿನೋರ ಹೆಂಡ್ತಿ" ಎಂದು ಒಬ್ಬಳು ಇನ್ನೊಬ್ಬಳಿಗೆ ಕಣ್ಣಲ್ಲೇ ಹೇಳುವಳು. ಕೊಡ ತುಂಬಿಕೊಂಡು ನಾನು ತಿರುಗಿದ ಮೇಲೆ ಮತ್ತೆ ಮಾತು ಶುರುವಾಗುತ್ತಿತ್ತು. ಆ ಶಬ್ದ ಬೆನ್ನಿಗೆ ಕೇಳುತ್ತ ಮನೆಗೆ ಬರುತ್ತಿದ್ದೆ.

ತಂದಿದ್ದ ಪುಸ್ತಕಗಳು ಬೇಗ ಮುಗಿದವು. ಹಾರ್ಮೋನಿಯಂ ತವರಿನಲ್ಲಿಯೇ ಉಳಿದಿತ್ತು. ಕೊಕ್ಕೆಸೂಜಿಯಲ್ಲಿ ಲೇಸು ಹೆಣೆಯುತ್ತಿದ್ದೆ. ಅದನ್ನು ಹಾಕಲು ಮೇಜಿರಲಿಲ್ಲ, ನೋಡಲು ಯಾರೂ ಬರುತ್ತಿರಲಿಲ್ಲ. ಮಧ್ಯಾಹ್ನ ಮಗು ಮಲಗಿದರೆ ಮನೆಯಲ್ಲಿ ನನ್ನ ಸೂಜಿಯ ಶಬ್ದವೇ ನನಗೆ ಕೇಳಿಸುತ್ತಿತ್ತು.

ಎಲ್ಲಕ್ಕಿಂತ ಕಷ್ಟ ಭಾನುವಾರ. ಬೆಂಗಳೂರಿನಲ್ಲಿ ನಮ್ಮ ದೇವಾಲಯದ ಗಂಟೆ ಹೊಡೆಯುವ ಹೊತ್ತಿಗೆ ನಾನಿಲ್ಲಿ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಚಾಪೆಯ ಮೇಲೆ ಕೂರುತ್ತಿದ್ದೆ. ಕೀರ್ತನೆ ಹಾಡುವವಳೂ ನಾನೇ, ಸತ್ಯವೇದ ಓದುವವಳೂ ನಾನೇ, ಕೇಳುವವಳೂ ನಾನೇ, ಕೊನೆಗೆ ಆಮೆನ್ ಅನ್ನುವವಳೂ ನಾನೇ. ಸಭೆಯಲ್ಲಿ ಹಾಡುವಾಗ ನನ್ನ ದನಿ ಎಲ್ಲಿದೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಇಲ್ಲಿ ಅದೊಂದೇ ಬರಿಗಾಲಲ್ಲಿ ನಿಂತಿತ್ತು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ನಾಚಿಕೆಯಾಗಿ ನಿಲ್ಲಿಸುತ್ತಿದ್ದೆ.

ಒಂದು ಭಾನುವಾರ ಹಾಗೆ ನಿಲ್ಲಿಸಿದಾಗ ಗೋಡೆಯ ಆಚೆಯಿಂದ ಕೇಳಿಸಿತು: "ಯಾಕಮ್ಮಣ್ಣಿ, ನಿಮ್ ದೇವ್ರಿಗೆ ಕಿವಿ ಮಂದ್ವಾ? ಅಷ್ಟ್ ಜೋರಾಗಿ ಕೂಗ್ತೀಯ, ಆಮೇಲೆ ಅರ್ಧಕ್ಕೇ ಬಿಟ್ಬಿಡ್ತೀಯ."

ಅದು ಪಿಳ್ಳಮ್ಮ, ನಮ್ಮ ಮನೆಯ ಒಡತಿ. ಐವತ್ತು ದಾಟಿದ್ದ ವಿಧವೆ. ಮನೆಯ ಮುಂಭಾಗ ನಮಗೆ ಬಾಡಿಗೆಗೆ ಕೊಟ್ಟು ಹಿಂಭಾಗದಲ್ಲಿ ತಾನಿದ್ದಳು. ನಡುವಿನ ಉದ್ದನೆಯ ಕೋಣೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳುಮನೆ ಎಂದು ಅದಕ್ಕೆ ಹೆಸರು. ಅದರ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿರುತ್ತಿತ್ತು. ಹೊರಗಿನವರು ಒಳಗೆ ಕಾಲಿಡುವಂತಿರಲಿಲ್ಲ. ಮುಟ್ಟಾದವರು, ಸಾವಿನ ಮನೆಯಿಂದ ಬಂದವರು, ಹೆರಿಗೆ ಮನೆಯಿಂದ ಬಂದವರು ಹತ್ತಿರವೂ ಸುಳಿಯಬಾರದು. ಯುದ್ಧದಿಂದಾಗಿ ಎಲ್ಲರೂ ಹುಳು ಸಾಕುವವರೇ. "ಆಕಾಸದಿಂದ ನೆಗೆಯೋರ್ಗೆ ಛತ್ರಿ ಮಾಡ್ತಾರಂತೆ. ನಮ್ ಹುಳ ನಂಬ್ಕೊಂಡ್ ನೆಗೀತಾರಲ್ಲ, ಏನ್ ಧೈರ್ಯ ಆ ಮಕ್ಕಳ್ದು" ಎನ್ನುತ್ತಿದ್ದಳು.

ಅವಳೇ ಒಂದು ದಿನ ನನ್ನ ಲೇಸನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೇಳಿದಳು: "ಇದು ಮೀನು ಹಿಡಿಯಕ್ಕಾ?"

"ಇಲ್ಲ ಅಕ್ಕ, ಮೇಜಿಗೆ ಹಾಕೋದು."

"ಮೇಜೆಲ್ಲಿ?"

ನಾನು ಲೇಸನ್ನು ಮಡಚಿಟ್ಟೆ. "ದಾರ ಸುತ್ಕೊಂಡ್ ಕೂತ್ಕೊಂಡ್ರೆ ದಿನ ಹೋಗಲ್ಲ ಕಣಮ್ಮಣ್ಣಿ. ಬಾ, ಸೊಪ್ಪು ಹೆಚ್ಚು. ಮೀನು ತಿಂದ ದಿನ ಮಾತ್ರ ಬರ್ಬೇಡ. ತಿಂದಿಲ್ಲ ಅಂತ ಸುಳ್ಳೂ ಹೇಳ್ಬೇಡ. ಹುಳಕ್ಕೆ ಗೊತ್ತಾಗ್ತದೆ."

ಹೀಗೆ ನಾನು ಹುಳುಮನೆಗೆ ಕಾಲಿಟ್ಟೆ. ಕಾಲೇಜಿನಲ್ಲಿ ಕಪ್ಪೆ ಕೊಯ್ದವಳು ನಾನು. ಆದರೆ ಒಂದು ಜೀವವನ್ನು ಸಾಸಿವೆಗಿಂತ ಸಣ್ಣ ಮೊಟ್ಟೆಯಿಂದ ಬೆರಳುದ್ದದವರೆಗೆ ಬೆಳೆಸಿ ನೋಡಿರಲಿಲ್ಲ. ಮರಿಗಳಿಗೆ ಹಿಪ್ಪುನೇರಳೆಯ ಎಳೆ ಸೊಪ್ಪನ್ನು ದಾರದ ಹಾಗೆ ಹೆಚ್ಚಬೇಕು. ಸೊಪ್ಪು ಬಾಡಬಾರದು. ಕೊಯ್ದು ತಂದ ಬುಟ್ಟಿಯ ಮೇಲೆ ಸದಾ ಒದ್ದೆ ಗೋಣಿ ಇರಬೇಕು. ಪಿಳ್ಳಮ್ಮ ನನ್ನ ಇತರ ತಪ್ಪುಗಳಿಗೆಲ್ಲ ನಗುತ್ತಿದ್ದಳು, ಗೋಣಿ ಜಾರಿದ್ದರೆ ಮಾತ್ರ ಬೈಯುತ್ತಿದ್ದಳು. ಕೆಲವು ವಾರಗಳಲ್ಲಿ ಬಿದಿರ ತಟ್ಟೆಯ ಮೇಲೆ ಅಂಗೈ ಆಡಿಸಿಯೇ ಹುಳು ಹಸಿದಿದೆಯೋ ತಣಿದಿದೆಯೋ ಹೇಳಬಲ್ಲವಳಾದೆ. ಬಿ.ಎಸ್ಸಿ. ಪಾಸಾದಾಗ ಆಗದಷ್ಟು ಹೆಮ್ಮೆ ಆಯಿತು.

ಹುಳುಗಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಮೇಯುವುದಿಲ್ಲ, ಅಲುಗುವುದಿಲ್ಲ, ತಲೆಯೆತ್ತಿ ಹಾಗೆಯೇ ನಿಂತಿರುತ್ತದೆ. ಹಗಲು ರಾತ್ರಿ ಸರಸರ ಎನ್ನುತ್ತಿದ್ದ ಕೋಣೆ ಆಗ ಒಮ್ಮೆಲೇ ಮೌನವಾಗುತ್ತದೆ. ಆ ಹೊತ್ತಿನಲ್ಲಿ ಗಟ್ಟಿಯಾಗಿ ಮಾತಾಡುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಮೊದಲ ಜ್ವರದ ದಿನ ನಾನು ಬಾಗಿಲಲ್ಲಿ ನಿಂತು ನೋಡಿದೆ. ತಟ್ಟೆ ತಟ್ಟೆಯಲ್ಲೂ ಸಾವಿರಾರು ತಲೆಗಳು ಮೇಲಕ್ಕೆ ಎತ್ತಿ ನಿಂತಿದ್ದವು. ಪ್ರಾರ್ಥನೆಗೆ ಎದ್ದು ನಿಂತ ಸಭೆಯ ಹಾಗೆ. ಎಷ್ಟೋ ತಿಂಗಳ ಮೇಲೆ ನಾನೊಂದು ಸಭೆಯ ನಡುವೆ ಇದ್ದೆ.

ಅಂದಿನಿಂದ ನಾನು ಪ್ರಾರ್ಥನೆಗೆ ಅಲ್ಲಿಯೇ ಕೂರುವುದು ರೂಢಿಯಾಯಿತು. ಅಲ್ಲಿ ಹಾಡುವಂತಿರಲಿಲ್ಲ, ಹಾಗಾಗಿ ನಾಚಿಕೆಯೂ ಇರಲಿಲ್ಲ. ಮಾತಿಲ್ಲದೆ ದೇವರ ಮುಂದೆ ಕೂರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಆದರೂ ಅವನು ಬಂದ ಎಂದು ಅನ್ನಿಸಿರಲಿಲ್ಲ. ಕೂತು ಕಾಯುತ್ತಿದ್ದೆ, ಅಷ್ಟೆ. ಒಂದು ಸಲ, ಒಂದೇ ಸಲ, ನೀನಿದ್ದೀಯ ಎಂದು ತಿಳಿಯುವಂತೆ ಮಾಡು ಎಂದು ಬೇಡುತ್ತಿದ್ದೆ.

ಪುಷ್ಯದ ಚಳಿಯಲ್ಲಿ ಆ ಸಲದ ಹುಳುಗಳು ನಾಲ್ಕನೆಯ ಜ್ವರಕ್ಕೆ ಬಂದವು. ಅದೇ ವಾರ ನಂದಗುಡಿ ಕಡೆ ಕೊಟ್ಟಿದ್ದ ಪಿಳ್ಳಮ್ಮನ ಮಗಳಿಗೆ ಹೆರಿಗೆ ನೋವು ಶುರುವಾದ ಸುದ್ದಿ ಬಂತು. ಆ ಮನೆಯಲ್ಲಿ ಅತ್ತೆ ಇರಲಿಲ್ಲ. ಪಿಳ್ಳಮ್ಮ ಹೊರಡಲೇಬೇಕಾಯಿತು.

"ಹುಳ ನಿನ್ ಕೈಲಿ ಐತೆ" ಎಂದಳು ಗಾಡಿ ಹತ್ತುವಾಗ. "ಚಳಿ ಬಿದ್ರೆ ಅಗ್ಗಿಷ್ಟಿಕೆ ಇಡು. ಜ್ವರದಾಗ ಚಳಿ ತಗುಲಿದ್ರೆ ಎದ್ದೇಳಲ್ಲ ಅವು. ಎದ್ದ ತಕ್ಷಣ ಸೊಪ್ಪು ಹಾಕು. ಬಾಡಿದ್ದು ಹಾಕ್ಬೇಡ."

"ಆಯ್ತಕ್ಕ."

"ಹೆದ್ರಿಕೊಂಡ್ಯಾ?"

"ಇಲ್ಲ."

"ಸ್ವಲ್ಪ ಹೆದ್ರಿಕೊ. ಒಳ್ಳೇದು."

ಅಗ್ಗಿಷ್ಟಿಕೆ ಎಂದರೆ ಮಣ್ಣಿನ ಕೆಂಡದ ಕುಂಡ. ಚಳಿಗಾಲದಲ್ಲಿ ಊರಿನ ಎಲ್ಲ ಹುಳುಮನೆಗಳಲ್ಲೂ ಅದನ್ನು ಇಡುತ್ತಿದ್ದರು. ಕಿಟಕಿಗೆ ಹಳೆಯ ಪತ್ರಿಕೆ ಅಂಟಿಸಿ, ಬಾಗಿಲಿಗೆ ಗೋಣಿ ಇಳಿಬಿಟ್ಟು ಕೋಣೆ ಬೆಚ್ಚಗಿಡುತ್ತಿದ್ದರು. ಇದ್ದಿಲನ್ನು ಅಂಗಳದಲ್ಲಿ ಹೊತ್ತಿಸಿ, ಪೂರ್ತಿ ಕೆಂಡವಾದ ಮೇಲೆ ಒಳಗೆ ತರುವುದು ವಾಡಿಕೆ. ಒಳ್ಳೆಯ ಇದ್ದಿಲೆಲ್ಲ ಬಸ್ಸುಗಳ ಪಾಲಾಗಿ, ನಮಗೆ ಸಿಗುತ್ತಿದ್ದದ್ದು ಅರೆಸುಟ್ಟ ಕೊಳ್ಳಿಗಳು.

ಅವಳು ಹೋದ ಮರುದಿನ ಬೆಳಗ್ಗೆ ಮಂಜು, ಮಂಜಿನ ಜೊತೆ ಸೋನೆ. ಅಂಗಳದಲ್ಲಿ ಬೆಂಕಿ ಹತ್ತಲಿಲ್ಲ. ಒಳಗೇ ಹೊತ್ತಿಸಿದೆ. ಗಂಡ ಆಗಲೂ ಸುತ್ತಾಟದಲ್ಲಿದ್ದರು. ಹೊರಗೆ ಚಳಿಯಿದ್ದುದರಿಂದ ರೂತಳನ್ನು ಹುಳುಮನೆಯ ತೊಲೆಗೆ ಸೀರೆಯ ಜೋಲಿ ಕಟ್ಟಿ ಮಲಗಿಸಿದೆ. ಬಾಗಿಲ ಕೆಳಗಿನ ಸಂದಿಯಿಂದ ಚಳಿ ಕೊರೆಯುತ್ತಿತ್ತು. ಹೊರಗಿಟ್ಟಿದ್ದ ಸೊಪ್ಪಿನ ಬುಟ್ಟಿಯ ಮೇಲಿನ ಒದ್ದೆ ಗೋಣಿಯನ್ನು ಎಳೆದು ಆ ಸಂದಿಗೆ ಒತ್ತಿದೆ. ಹೇಗೂ ಸೋನೆಯಿದೆ, ಸೊಪ್ಪು ಬಾಡುವುದಿಲ್ಲ ಎಂದುಕೊಂಡೆ. ಆಮೇಲೆ ಮಣೆ ಹಾಕಿಕೊಂಡು ಪ್ರಾರ್ಥನೆಗೆ ಕೂತೆ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನಾನು ಎದ್ದು ಕಿಟಕಿ ತೆಗೆಯುತ್ತೇನೇನೋ ಎಂದು ಕಾಯುತ್ತೇನೆ. ಎದ್ದೇಳುವುದಿಲ್ಲ.

ಹುಳುಗಳು ತಲೆಯೆತ್ತಿ ನಿಂತಿದ್ದವು. ಕೋಣೆ ಬೆಚ್ಚಗಾಗುತ್ತ ಬಂತು. ಹಣೆಯ ನಡುವೆ ಸಣ್ಣ ನೋವು, ನಿದ್ದೆ ಸಾಲದ್ದು ಎಂದುಕೊಂಡೆ. ಆಮೇಲೆ ಆ ನೋವೂ ದೂರ ಸರಿಯಿತು. ಅದರ ಜಾಗದಲ್ಲಿ ಒಂದು ಶಾಂತಿ ಬಂತು. ಹಾಗೆಂದೇ ಕರೆಯಬೇಕು, ಬೇರೆ ಹೆಸರು ನನಗೆ ಗೊತ್ತಿಲ್ಲ. ಬಾವಿಯ ಹೆಂಗಸರು, ಅರ್ಧಕ್ಕೆ ನಿಂತ ಹಾಡುಗಳು, ಮೇಜಿಲ್ಲದ ಲೇಸು, ಯಾವುದೂ ಮುಖ್ಯವಲ್ಲ ಎನ್ನಿಸಿತು. ಮೈ ಹಗುರಾಯಿತು. ಕಾಗದ ಅಂಟಿಸಿದ ಕಿಟಕಿಯ ಮಂದ ಬೆಳಕು ಹರಡಿಕೊಂಡು ಕೋಣೆಯೆಲ್ಲ ತುಂಬಿದ ಹಾಗೆ ಕಂಡಿತು. ಬಂದೆಯಾ ಎಂದೆ. ಬಾಯಿಬಿಟ್ಟು ಅಂದೆನೋ ಮನಸ್ಸಿನಲ್ಲಿ ಅಂದೆನೋ ತಿಳಿಯದು. ಕಣ್ಣಲ್ಲಿ ನೀರು ಬಂತು. ಏಳಬೇಕೆಂದರೆ ಮೊಣಕಾಲು ಮಾತು ಕೇಳಲಿಲ್ಲ. ಆತನ ಮುಂದೆ ಯಾರ ಮೊಣಕಾಲು ತಾನೇ ನಿಂತೀತು ಎಂದುಕೊಂಡು ಸಂತೋಷಪಟ್ಟೆ.

ಜೋಲಿಯೊಳಗೆ ರೂತಳ ಮುಖ ಕಾಣುತ್ತಿತ್ತು. ಕೆನ್ನೆ ಕೆಂಪಗೆ, ತುಟಿ ಎಲೆಯಡಿಕೆ ಹಾಕಿದ ಹಾಗೆ ಕೆಂಪಗೆ. ಎಂದೂ ಅಷ್ಟು ಚೆಂದ ಕಂಡಿರಲಿಲ್ಲ. ನನ್ನ ಮಗುವಿಗೆ ಇಷ್ಟು ಆರೋಗ್ಯ ಕೊಟ್ಟಿದ್ದೀಯಲ್ಲ ಎಂದು ದೇವರಿಗೆ ಸ್ತೋತ್ರ ಹೇಳಿದೆ.

ಇನ್ನೂ ಒಂದಿದೆ. ಆ ಸ್ಥಿತಿಯಲ್ಲೂ ಆ ಅನಿಲದ ಹೆಸರು ನನಗೆ ನೆನಪಾಯಿತು. ಪರೀಕ್ಷೆಯಲ್ಲಿ ಬರೆದ ಪುಟ, ನನ್ನದೇ ಕೈಬರಹ, ಕಣ್ಣ ಮುಂದೆ ನಿಂತಿತು. ಬಣ್ಣವಿಲ್ಲ, ವಾಸನೆಯಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡೆ. ಪುಟ ಹಾರಿಹೋಯಿತು. ಹಿಡಿಯಬೇಕೆನ್ನಿಸಲಿಲ್ಲ.

ಆಮೇಲೆ ಬಹಳ ದೂರದಿಂದ ಒಂದು ದನಿ. "ಅಮ್ಮಣ್ಣಿ, ಸೊಪ್ಪು ಬಾಡ್ತಾ ಐತೆ."

ಪಿಳ್ಳಮ್ಮ ವಿಜಯಪುರದ ಸಂತೆಗೆ ಹೊರಟಿದ್ದ ಗಾಡಿ ಹಿಡಿದು ನಸುಕಿಗೇ ಹೊರಟುಬಂದಿದ್ದಳು. ಮಗಳಿಗೆ ಹೆರಿಗೆಯಾಗಿತ್ತು, ಇವಳ ಮನಸ್ಸೆಲ್ಲ ಹುಳುವಿನ ಮೇಲಿತ್ತು. ಅವಳು ಬರುವ ಹೊತ್ತಿಗೆ ಸೋನೆ ನಿಂತು ಬಿಸಿಲು ಬಿದ್ದಿತ್ತು. ಬಾಗಿಲಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಗೋಣಿಯಿಲ್ಲ.

"ಏನೇ ಅಮ್ಮಣ್ಣಿ, ಗೋಣಿ ಎಲ್ಲಿ? ನಿದ್ದೆ ಹೋದ್ಯಾ? ಇಷ್ಟ್ ದಿನ ಕಲ್ಸಿದ್ದು ಇದಕ್ಕಾ?"

ನನಗೆ ಕೇಳಿಸುತ್ತಿತ್ತು. ಅಷ್ಟು ದೊಡ್ಡ ಸಂತೋಷದ ನಡುವೆ ಸೊಪ್ಪಿನ ಮಾತೇ ಎಂದು ನಗು ಬಂತು. ಉತ್ತರ ಕೊಡಲಿಲ್ಲ.

ಅವಳು ಒಳಗೆ ಬರುವಂತಿರಲಿಲ್ಲ. ಹೆರಿಗೆ ಮನೆಯ ಮೈಲಿಗೆ, ಪುರುಡು, ಅವಳ ಮೈಮೇಲಿತ್ತು. ಬಾಣಂತಿಯನ್ನು ಮುಟ್ಟಿದ ಕೈ, ಅದೇ ಸೀರೆ. ಸ್ನಾನ ಮಾಡಿದರೂ ಪುರುಡಿನ ದಿನಗಳು ಕಳೆಯುವವರೆಗೆ ಹುಳುಮನೆ ಅವಳಿಗಿಲ್ಲ. ಜೀವಮಾನದಲ್ಲಿ ಅವಳು ಮೀರದ ನಿಯಮ ಅದು. ಹೊಸಿಲ ಆಚೆ ನಿಂತು ಕೂಗಿದಳು. ಬೈದಳು. ಮಗುವಿನ ಹೆಸರು ಹಿಡಿದು ಕರೆದಳು. ಆಮೇಲೆ ಅವಳ ದನಿ ನಿಂತಿತು. ಆ ನಿಂತ ಹೊತ್ತಿನಲ್ಲಿ ಅವಳು ಏನು ಯೋಚಿಸಿದಳೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬಾಗಿಲು ಒದ್ದುಕೊಂಡು ಬಂದಳು. ನನ್ನ ಜುಟ್ಟು ಹಿಡಿದು ಎಳೆದಳು. ಜೋಲಿಯನ್ನು ಎಳೆದು ಮಗುವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಕೂದಲು ಬಿಡದೆ, ಹೊಸಿಲಿಗೆ ನನ್ನ ಮೊಣಕಾಲು ತರಚುವಂತೆ ಅಂಗಳಕ್ಕೆ ಎಳೆದು ಹಾಕಿದಳು. ಬಿಡು ಎಂದು ನಾನು ಅವಳ ಕೈ ಪರಚಿದೆ. ಆ ಶಾಂತಿಯಿಂದ ನನ್ನನ್ನು ಕಿತ್ತುಕೊಂಡಿದ್ದಕ್ಕೆ ಅವಳ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಅದೇ ನನ್ನನ್ನು ಎಲ್ಲಕ್ಕಿಂತ ಹೆದರಿಸುವುದು.

ಹೊರಗಿನ ಚಳಿ ಮುಖಕ್ಕೆ ಹೊಡೆಯಿತು. ವಾಂತಿಯಾಯಿತು. ತಲೆ ಒಡೆದುಹೋಗುವಂಥ ನೋವು. ಕಣ್ಣು ತೆರೆದರೆ ಪಿಳ್ಳಮ್ಮ ನೆಲದ ಮೇಲೆ ಕೂತು ರೂತಳ ಅಂಗಾಲಿಗೆ ಹೊಡೆಯುತ್ತಿದ್ದಾಳೆ. ಮಗು ಕೆಂಪಗೆ, ಚೆಂದಗೆ, ಬಟ್ಟೆಯ ಬೊಂಬೆಯ ಹಾಗೆ ಜೋತುಬಿದ್ದಿದೆ. ಆಗ ನನಗೆ ಆ ಕೆಂಪು ಏನೆಂದು ತಿಳಿಯಿತು, ಅನಿಲ ಬೆರೆತ ರಕ್ತದ ಕೆಂಪು. ಹಾರಿಹೋಗಿದ್ದ ಪುಟ ಆಗ ಕೈಗೆ ಬಂತು. ನಾನು ತೆವಳಿಕೊಂಡು ಹೋದೆ. ಗಾಳಿ ಬಿಡು, ಗಾಳಿ ಬಿಡು ಎನ್ನುತ್ತಿದ್ದೆನಂತೆ. ಸುತ್ತ ಗಾಳಿಯೇ ಇತ್ತು. ಪಿಳ್ಳಮ್ಮ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು, ಬಾವಿಯ ನೀರು ಎದೆಗೆ ಚಿಮುಕಿಸಿದಳು, ಮತ್ತೆ ಅಂಗಾಲಿಗೆ ಹೊಡೆದಳು. ನಾನು ದೇವರೇ ಎನ್ನಲು ಹೋದೆ. ಆ ಶಬ್ದ ಬಾಯಿಗೆ ಬರಲಿಲ್ಲ. ಆಗತಾನೆ ಯಾರನ್ನು ದೇವರೆಂದು ಕರೆದಿದ್ದೆನೋ ಅದು ಇನ್ನೂ ಆ ಕೋಣೆಯೊಳಗೆ ಕೂತಿತ್ತು.

ರೂತ್ ಕೆಮ್ಮಿದಳು. ಕಕ್ಕಿದಳು. ಆಮೇಲೆ ಅತ್ತಳು.

"ಅಳು ನನ್ನವ್ವ, ಅಳು" ಎಂದಳು ಪಿಳ್ಳಮ್ಮ. "ಊರೆಲ್ಲ ಕೇಳ್ಲಿ."

ನಾನು ಮಗುವನ್ನು ಅಪ್ಪಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ತಲೆಯೆತ್ತಿದಾಗ ಪಿಳ್ಳಮ್ಮ ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತ ಹುಳುಮನೆಯ ಎದುರು ನಿಂತಿದ್ದಳು. ಒಳಗಿನಿಂದ ಸಣ್ಣಗೆ ಸದ್ದು ಬರುತ್ತಿತ್ತು. ಹುಳುಗಳು ಜ್ವರದಿಂದೆದ್ದು ಸೊಪ್ಪಿಗಾಗಿ ತಟ್ಟೆಯ ತುಂಬ ಹರಿದಾಡುತ್ತಿದ್ದವು. ಅವುಗಳ ರಕ್ತ ನಮ್ಮ ರಕ್ತದಂತೆ ಕೆಂಪಲ್ಲ. ನಮ್ಮಿಬ್ಬರ ಜೀವ ತೆಗೆಯಲಿದ್ದ ಅನಿಲ ಅವುಗಳಿಗೆ ಏನೂ ಮಾಡಿರಲಿಲ್ಲ.

"ಪುರುಡಲ್ಲಿ ಹೋಗ್ಬಿಟ್ಟೆ" ಎಂದಳು, ತನಗೇ ಹೇಳಿಕೊಳ್ಳುವ ಹಾಗೆ.

ಕೆಂಡದ ಕುಂಡವನ್ನು ಕೋಲಿನಿಂದ ಹೊರಗೆಳೆದು ನೀರು ಸುರಿದಳು. ಹೊರಗಿನಿಂದಲೇ ಕಿಟಕಿಯ ಕಾಗದ ಹರಿದಳು. ತಣ್ಣೀರು ಸುರಿದುಕೊಂಡು ಬಂದಳು. ತೋಟಕ್ಕೆ ಹೋಗಿ ಹೊಸ ಸೊಪ್ಪು ಕೊಯ್ದು ತಂದು ಬುಟ್ಟಿಯನ್ನು ನನ್ನ ಮುಂದಿಟ್ಟಳು.

"ಹಾಕಮ್ಮಣ್ಣಿ. ಹಸ್ದವೆ."

"ನಾನು ಒಳಗೆ ಹೋಗಲ್ಲ ಅಕ್ಕ."

"ನಾನ್ ಹೋಗಂಗಿಲ್ಲ. ಬೇರೆಯೋರ್ನ ಬಿಡಂಗಿಲ್ಲ. ನೀನೇ."

ನಾನು ಅಳತೊಡಗಿದೆ. ಅವಳು ಸಮಾಧಾನ ಮಾಡಲಿಲ್ಲ. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಸೊಂಟದ ಮೇಲೆ ಕೂರಿಸಿಕೊಂಡಳು. ಆಮೇಲೆ ಹೇಳಿದಳು: "ಭಾನುವಾರ ಹಾಡ್ತೀಯಲ್ಲ, ಅದು ಹಾಡ್ಕೊಂಡ್ ಹೋಗು."

ಆ ಹೊತ್ತಿನಲ್ಲೂ ಹಾಸ್ಯವೇ ಎಂದು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

"ನಾನು ಇಲ್ಲೇ ಬಾಗ್ಲಾಗೆ ಕೂತಿರ್ತೀನಿ. ನೀನು ಹಾಡ್ತಾ ಸೊಪ್ಪು ಹಾಕು. ಹಾಡು ಕೇಳ್ತಾ ಇದ್ರೆ ಬದ್ಕಿದ್ದೀಯ ಅಂತ. ನಿಂತ್ರೆ ಬರ್ತೀನಿ. ಪುರುಡಿದ್ರೂ ಬರ್ತೀನಿ."

ಹೋದೆ. ಕಿಟಕಿ, ಬಾಗಿಲು ಹಾರುಹೊಡೆದಿದ್ದವು. ಆದರೂ ಹೊಸಿಲು ದಾಟುವಾಗ ಉಸಿರು ಬಿಗಿಹಿಡಿದಿದ್ದೆ. ಉಸಿರು ಬಿಗಿಹಿಡಿದು ಹಾಡಲಾಗುವುದಿಲ್ಲವಲ್ಲ. ಬಿಡಲೇಬೇಕಾಯಿತು. ಬೆಳಗಿನ ಕೀರ್ತನೆ ಶುರುಮಾಡಿದೆ. ಮೊದಲ ಚರಣ ಮುಗಿದು ನಿಂತ ತಕ್ಷಣ ಹೊರಗಿನಿಂದ ಕೇಳಿಸಿತು.

"ನಿಂತ್ಯಾ?"

"ಉಸಿರು ತಗೊಂಡೆ ಅಕ್ಕ."

"ತಗೊ. ಬೇಗ ತಗೊ."

ಎರಡನೆಯ ಚರಣ ಹಾಡಿದೆ. ಮೂರನೆಯದೂ. ಆ ಊರಿಗೆ ಬಂದ ಮೇಲೆ ನಾನು ಕೊನೆಯವರೆಗೆ ಹಾಡಿದ ಮೊದಲ ಕೀರ್ತನೆ ಅದು. ಕೊನೆಗೆ ಆಮೆನ್ ಎಂದಾಗ ಹೊರಗಿನಿಂದ ಅವಳು "ಹೂಂ, ಇನ್ನೊಂದು" ಎಂದಳು. ಹುಳುಗಳ ಸರಸರ ಸದ್ದು ನನ್ನ ದನಿಯ ಕೆಳಗೆ ಹರಿಯುತ್ತಿತ್ತು.

ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ದಿನವೂ ಹಾಗೆಯೇ ನಡೆಯಿತು. ಗಂಡ ಬಂದು ಎಲ್ಲ ಕೇಳಿ, ರೂತಳನ್ನು ಎತ್ತಿಕೊಂಡು ಸಂಜೆಯವರೆಗೆ ಅಂಗಳದಲ್ಲಿ ತಿರುಗಾಡಿದರು. ಮರುವಾರದ ಸುತ್ತಾಟಕ್ಕೆ ಹೋಗಲಿಲ್ಲ. ಮುಗಿಲು ಕವಿದ ದಿನ ನನ್ನ ದನಿ ಏಳದಿದ್ದರೆ ಪಿಳ್ಳಮ್ಮ ಹೊರಗೆ ತನಗೆ ನೆನಪಿದ್ದ ಸಾಲನ್ನು ತನ್ನದೇ ರಾಗದಲ್ಲಿ ಎಳೆಯುತ್ತಿದ್ದಳು. ರಾಗಿ ಬೀಸುವ ಪದದ ರಾಗ. ನಾನು ತಿದ್ದಲಿಲ್ಲ.

ಕಾಲುಭಾಗದಷ್ಟು ತಟ್ಟೆಗಳು ಕೊನೆಯಲ್ಲಿ ಕೆಟ್ಟವು. ಹುಳು ಸಪ್ಪಗಾಗಿ ಕಪ್ಪಾಗಿ ಸತ್ತವು. ಪುರುಡಲ್ಲಿ ಹೋದದ್ದಕ್ಕೆ ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಪಿಳ್ಳಮ್ಮನೂ ಮನಸ್ಸಿನಲ್ಲಿ ಅದನ್ನೇ ನಂಬಿದ್ದಳು ಎಂದು ನನಗೆ ಗೊತ್ತು. ಆದರೆ ನನ್ನೆದುರು ಯಾರಾದರೂ ಎತ್ತಿದರೆ, "ಚಳಿ ತಗುಲ್ತು, ಅಷ್ಟೆ. ನಿಮ್ ಮನೇಲಿ ಯಾವತ್ತೂ ಕೆಟ್ಟಿಲ್ವಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈಸ್ಟರಿಗೆ ಬೆಂಗಳೂರಿಗೆ ಹೋದಾಗ ನಮ್ಮ ಪಾದ್ರಿಗಳು ಸಭೆಯಲ್ಲಿ ಸಾಕ್ಷಿ ಹೇಳಲು ಎಬ್ಬಿಸಿದರು. ದೇವರು ಹೇಗೆ ಕಾಪಾಡಿದ ಹೇಳಮ್ಮ ಎಂದರು. ನಾನು ಪಿಳ್ಳಮ್ಮನ ವಿಷಯ ಹೇಳಿದೆ. ಹೆಂಗಸರು ಸ್ತೋತ್ರ ಸ್ತೋತ್ರ ಎಂದರು. ಆ ಶಾಂತಿಯ ವಿಷಯ ಹೇಳಲಿಲ್ಲ. ಹೇಗೆ ಹೇಳುವುದು? ನಾನು ತಿಂಗಳುಗಟ್ಟಲೆ ಬೇಡಿಕೊಂಡದ್ದು ಬಂದಿತ್ತು, ಬೇಡಿದ ರೂಪದಲ್ಲೇ ಬಂದಿತ್ತು, ಬಂದು ನನ್ನ ಮಗುವನ್ನು ಕೊಲ್ಲುತ್ತಿತ್ತು ಎಂದೇ?

ಬಹಳ ಕಾಲ ನಾನು ಕಣ್ಣು ಮುಚ್ಚಿ ಪ್ರಾರ್ಥಿಸಲಿಲ್ಲ. ಮನಸ್ಸು ಸ್ವಲ್ಪ ತಿಳಿಯಾದರೂ ಬೆಚ್ಚಿ ಎದ್ದು ಒಲೆ ನೋಡಿಬರುತ್ತಿದ್ದೆ. ಈಗಲೂ ಬೇರೆಯವರು ಪ್ರಾರ್ಥನೆಯಲ್ಲಿ ಶಾಂತಿ ಸಿಕ್ಕಿತು ಎಂದರೆ ನನ್ನ ಕಣ್ಣು ಕಿಟಕಿಯ ಕಡೆ ಹೋಗುತ್ತದೆ. ನಾನು ಶಾಂತಿ ಬೇಡುವುದನ್ನು ಬಿಟ್ಟೆ. ಪ್ರಾರ್ಥನೆ ಬಿಡಲಿಲ್ಲ. ದೇವರ ಮುಖ ಹೇಗಿರುತ್ತದೆಂದು ನನಗೆ ತಿಳಿಯದು. ಆದರೆ ಅವನ ಕೈಯನ್ನು ನೆನೆದರೆ, ಬಾಣಂತಿಯ ಎಣ್ಣೆಯ ವಾಸನೆ ಹೊತ್ತು ನನ್ನ ಜುಟ್ಟು ಹಿಡಿದೆಳೆದ ಆ ಕೈಯೇ ನೆನಪಿಗೆ ಬರುತ್ತದೆ. ಅದರ ಮೇಲೆ ನಾನು ಪರಚಿದ ಗೀರುಗಳಿವೆ.

ಮುಂದಿನ ವರ್ಷ ನಮಗೆ ಬೇರೆ ಕಡೆಗೆ ವರ್ಗವಾಯಿತು. ಪಿಳ್ಳಮ್ಮ ಹೋಗಿ ಎಷ್ಟೋ ಕಾಲವಾಯಿತು. ಗಂಡನೂ ಹೋದರು.

ಇವತ್ತು ಬೆಳಗ್ಗೆ ರೂತ್ ಮಾರುಕಟ್ಟೆಗೆ ಹೋಗಿದ್ದಳು, ಮೊಮ್ಮಗಳು ಶಾಲೆಗೆ. ಕಿಟಕಿಯಿಂದ ಚಳಿ ಬರುತ್ತಿತ್ತು. ಮನೆಯಲ್ಲಿ ನಾನೊಬ್ಬಳೇ ಕೂತು ಹುಳುಮನೆಯ ಆ ಕೀರ್ತನೆಯನ್ನು ಹಾಡಿಕೊಂಡೆ. ಈ ವಯಸ್ಸಿಗೆ ದನಿ ಏಳುವುದಿಲ್ಲ, ಎರಡು ಸಾಲಿಗೊಮ್ಮೆ ಉಸಿರು ಬೇಕು. ಮೊದಲ ಚರಣ ಮುಗಿದಾಗ ನಿಲ್ಲಿಸಿದೆ. ಬೇಕೆಂದೇ, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿ, ಬಾಗಿಲ ಕಡೆ ಕಿವಿಗೊಟ್ಟು ಕೂತೆ.